ಎತ್ತು ಎಂದಳು ಮಾನಸ

ವಿಶಾಖಪಟ್ಟಣದಲ್ಲಿ ಮಳೆ ಕಡಲ ಕಡೆಯಿಂದ ಬರುತ್ತದೆ. ಮುಚ್ಚಿದ ಕಿಟಕಿಯ ಸಂದಿಯಲ್ಲೂ ನುಗ್ಗಿ ಗೋಡೆಯ ಕ್ಯಾಲೆಂಡರನ್ನು ನೆನೆಸಿ ಹೋಗುತ್ತದೆ. ಆ ಸಂಜೆ ತೂಫಾನು ಬರುತ್ತದೆಂದು ಆಫೀಸುಗಳನ್ನು ಬೇಗ ಬಿಟ್ಟಿದ್ದರು. ಕರೆಂಟು ಹೋಗಿ ಲಿಫ್ಟು ನಿಂತಿತ್ತು. ಐದನೆಯ ಮಹಡಿಗೆ ಹತ್ತಲು ಹೊರಟು ಎರಡನೆಯದರಲ್ಲೇ ಏದುಸಿರು ಬಿಡುತ್ತ ನಿಂತಿದ್ದ ಗಂಡಹೆಂಡಿರನ್ನು ಆ ಮಹಡಿಯ ಹೈಮಾವತಮ್ಮ ಒಳಗೆ ಕರೆದರು. ಸುಮಂತ್ ಔಷಧ ಕಂಪನಿಯವನು, ಧನ್ಯಾ ಆಸ್ಪತ್ರೆಯ ಲ್ಯಾಬಿನವಳು. ಇಬ್ಬರೂ ಹಾಸನದ ಕಡೆಯವರು. ಈ ಕಟ್ಟಡದಲ್ಲಿ ಕನ್ನಡ ಕೇಳಿಸುವುದು ಈ ಎರಡು ಮನೆಗಳಲ್ಲಿ ಮಾತ್ರ.

ಹೈಮಾವತಮ್ಮ ದೇವರ ದೀಪ ಹಚ್ಚಿ, ಹಣೆಗೆ ವಿಭೂತಿ ಧರಿಸಿ, ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ನಡುವೆ ಇಟ್ಟರು.

"ಇಂಥ ಮಳೇಲಿ ಮಂಡಕ್ಕಿ ಜೊತೆ ಒಂದು ದೆವ್ವದ ಕತೆ ಇರ್ಬೇಕು, ಆಂಟಿ," ಎಂದ ಸುಮಂತ್.

"ಕತೆ ಇವರು ಕೇಳ್ತಾರೆ, ಆಮೇಲೆ ಬಾತ್‌ರೂಮಿಗೆ ಜೊತೆಗೆ ಹೋಗ್ಬೇಕಾದವಳು ನಾನು!" ಎಂದಳು ಧನ್ಯಾ.

ಹೈಮಾವತಮ್ಮ ನಗಲಿಲ್ಲ. ಮುಚ್ಚಿದ್ದ ಒಳಕೋಣೆಯ ಬಾಗಿಲನ್ನು ಒಮ್ಮೆ ನೋಡಿದರು. ಯಾರಿಗೂ ಹೇಳದೆ ಗುಟ್ಟನ್ನು ಹೊತ್ತುಕೊಂಡು ತಿರುಗಿದ್ದು ಸಾಕೆನಿಸಿತು ಅವರಿಗೆ.

"ನಮ್ಮಲ್ಲಿ ದೆವ್ವ ಇಲ್ಲಪ್ಪಾ. ಸತ್ತವರು ಲಿಂಗದಲ್ಲಿ ಐಕ್ಯ ಆಗ್ತಾರೆ, ತಿರುಗಿ ಬರೋ ಮಾತೇ ಇಲ್ಲ. ಹಾಗಂತ ದಿನಾ ಪೂಜೆಗೆ ಕೂತಾಗ ನನಗೆ ನಾನೇ ಹೇಳ್ಕೊಳ್ತೀನಿ... ಕೇಳಿ.

"ಬ್ಯಾಂಕಿನವರು ನಮ್ಮಣ್ಣ ಓಂಕಾರಪ್ಪನ್ನ ದಾವಣಗೆರೆಯಿಂದ ವಿಜಯವಾಡಕ್ಕೆ ಹಾಕಿದ್ರು, ಅವನು ಅಲ್ಲೇ ಭವಾನಿಪುರದಲ್ಲಿ ಮನೆ ಮಾಡ್ಕೊಂಡು ಬೇರು ಬಿಟ್ಟ. ಒಬ್ಬಳೇ ಮಗಳು, ಮಾನಸ. ತಾಯಿ ಜಲಜಾ ಹೋದಾಗ ಮಗು ಇನ್ನೂ ಅಂಬೆಗಾಲಿಡ್ತಿತ್ತು, ಸಾಕಿದವಳು ನಾನು. ಬೀದಿಯೆಲ್ಲ ತೆಲುಗು, ಸ್ಕೂಲೆಲ್ಲ ತೆಲುಗು, ಹುಡುಗಿ ನಿದ್ದೆಗಣ್ಣಲ್ಲೂ ತೆಲುಗೇ ಆಡ್ತಿತ್ತು. ಅದಕ್ಕೆ ಅಣ್ಣ ಒಂದು ಕಟ್ಟಳೆ ಮಾಡಿದ. ಹೊಸಿಲು ದಾಟಿ ಒಳಗೆ ಬಂದು ತೆಲುಗು ಮಾತಾಡಿದ್ರೆ ಅವನು ಕಿವುಡ! 'ನೀಳ್ಳು' ಅಂದ್ರೆ ಅಲುಗ್ತಿರ್ಲಿಲ್ಲ, 'ನೀರು' ಅಂದ್ರೆ ಓಡಿ ತರ್ತಿದ್ದ. ತಮಾಷೆಗೆ ಶುರುವಾಗಿದ್ದು, ಮನೆಯ ರೂಢಿ ಆಗಿಹೋಯ್ತು.

"ದೊಡ್ಡವಳಾಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಗೆ ಸೇರಿದಳು. ಕಾಲು ಬಾರದ ಮಕ್ಕಳು ಇರ್ತಾವಲ್ಲ, ಅವಕ್ಕೆ ಅಂಗಡಿ ಕುರ್ಚಿ ಸರಿಹೋಗಲ್ಲ ಅಂತ ತಾನೇ ಮರ ಕೊಯ್ದು ಒಂದೊಂದು ಮಗುವಿನ ಅಳತೆಗೆ ಒಂದೊಂದು ಕುರ್ಚಿ ಮಾಡೋಕೆ ಹಿಡಿದಳು. ಬಡಗಿಗಳ ಹಾಗೆ ನೆಲದ ಮೇಲೆ ಕೂರೋಣ ಅಂದ್ರೆ, ಸ್ಕೂಟರಿಂದ ಬಿದ್ದು ಮಂಡಿ ಮಡಿಸೋಕೆ ಬರ್ತಿರ್ಲಿಲ್ಲ. ಊಟದ ಮೇಜಿನ ಮೇಲೆ ಮರ ಇಟ್ಟು, ನಯ ಮಾಡೋಕೆ ಉಜ್ಜುಗೊರಡು ತಳ್ಳಿದ್ರೆ ಮೇಜೇ ಅಡುಗೆಮನೆ ತನಕ ನಡ್ಕೊಂಡು ಹೋಗ್ತಿತ್ತು! ನಾನು ಬೈಯ್ಯೋಳು, ಅವಳು ನಗೋಳು.

"ಕೊನೆಗೆ ಅಪ್ಪ ಮಗಳು ಸೇರಿ, ನಿಂತು ಕೆಲಸ ಮಾಡೋಕೆ ಒಂದು ಬೆಂಚು ಕಟ್ಟೋಣ ಅಂದ್ರು. ಕೆಡವಿದ ಹಳೇ ಮನೆಯಿಂದ ತೇಗದ ತೊಲೆ ತಂದ್ರು. ಕಾಲು ಒಂದೊಂದೂ ನನ್ನ ತೋಳಿಗಿಂತ ದಪ್ಪ. ಮೊಳೆ ಹೊಡೆದ್ರೆ ಮುಂದೆ ಸಡಿಲ ಆಗುತ್ತೆ ಅಂತ, ಕಾಲಿನ ತುದಿಯನ್ನ ಸಣ್ಣಗೆ ಕೆತ್ತಿ ಹಲಗೆಯ ತೂತಿಗೆ ಬಡಿದು ಕೂರಿಸಿದ್ರು. ಕೆಳಗೆ ಅಡ್ಡಪಟ್ಟಿ. ಆನೆ ಒರಗಿದ್ರೂ ಅಲುಗಬಾರದು ಅಂತ ಅಣ್ಣನ ಹಠ. ಅದನ್ನ ಕಾಲ ಮೇಲೆ ನಿಲ್ಲಿಸಿದ ದಿನ ಅಣ್ಣ ಪಕ್ಕದಲ್ಲಿ ನಿಂತು, 'ಹೇಳಿ ಮಾಡಿಸಿದ ಹಾಗಿದೆ' ಅಂದ. ಆರಡಿ ಆಳು ಅವನು. ಮಾನಸ ಎರಡೂ ಕೈ ಹಲಗೆ ಮೇಲಿಟ್ಟು ಏನೋ ಹೇಳೋಕೆ ಬಾಯಿ ತೆಗೆದಳು. ಅಷ್ಟರಲ್ಲಿ ಚಳಿ ಬಂದು ನಡುಗಿದಳು... ಡೆಂಗ್ಯೂ.

"ಆಸ್ಪತ್ರೆಯಲ್ಲಿ ಕೊನೆಗೆ ಪ್ರಜ್ಞೆ ಬಂದಾಗ ಅಪ್ಪನ ಕೈ ಹಿಡಿದು ಒಂದೇ ಮಾತು. 'ಎತ್ತು... ಅಪ್ಪಾ, ಎತ್ತು...' ಅಣ್ಣ ಬೆನ್ನಿಗೆ ಕೈ ಕೊಟ್ಟು ಎತ್ತಿದ. ಅವಳು ಅಲ್ಲ ಅಲ್ಲ ಅಂತ ತಲೆ ಆಡಿಸಿದಳು. ಮತ್ತೆ 'ಎತ್ತು'. ಇನ್ನೂ ಎತ್ತಿ, ಮಗುವಿನ ಹಾಗೆ ಎದೆಗೆ ಒರಗಿಸ್ಕೊಂಡ. ಅಲ್ಲೇ ಹೋದಳು."

ದೀಪದ ಬತ್ತಿಯನ್ನು ಹೈಮಾವತಮ್ಮ ಮೆಲ್ಲಗೆ ಮುಂದೂಡಿದರು. ಧನ್ಯಾಳ ಕೈಯ ಮಂಡಕ್ಕಿ ಕೈಯಲ್ಲೇ ಇತ್ತು.

"ಮಣ್ಣು ಮಾಡಿ ಬಂದ್ವಿ. ಶಿವಗಣಾರಾಧನೆ ಮುಗಿದ ಮಾರನೇ ದಿನ, ದೀಪ ಹಚ್ಚೋ ಹೊತ್ತಿಗೆ, ಬೆಂಚಿನ ಕೋಣೆಯಿಂದ ಉಜ್ಜುಗೊರಡಿನ ಸದ್ದು. ಸರಾಗವಾಗಿ ಅಲ್ಲ... ಒಂದು ಗೇಣು ಓಡೋದು, ನಿಲ್ಲೋದು. ಆಮೇಲೆ ಬಿಕ್ಕಿಬಿಕ್ಕಿ ಅಳು. ಅಳುವಿನ ನಡುವೆ ಅದೇ ಮಾತು, 'ಎತ್ತು...'

"ಒಳಗೆ ಹೋದ್ರೆ ಯಾರಿದ್ದಾರೆ? ಯಾರೂ ಇಲ್ಲ. ಅಣ್ಣ ಏನು ಮಾಡಿದ ಗೊತ್ತಾ? ಬೆಂಚನ್ನೇ ಎತ್ತು ಅಂತಿದ್ದಾಳೆ ಅಂದ್ಕೊಂಡು, ಅದರ ಅಡಿಗೆ ಭುಜ ಕೊಟ್ಟು, ಕಾಲುಗಳ ಕೆಳಗೆ ಮರದ ತುಂಡು ಇಟ್ಟ. ಮಾರನೇ ಸಂಜೆ ಅಳು ಜಾಸ್ತಿ ಆಯ್ತು. ಇಟ್ಟಿಗೆ ಇಟ್ಟ. ಇನ್ನೂ ಜಾಸ್ತಿ. ಅವನು ಎತ್ತುತ್ತಾ ಹೋದ, ಅವಳು ಅಳುತ್ತಾ ಹೋದಳು... ಸೊಂಟ ಹಿಡ್ಕೊಂಡು, 'ಇನ್ನೆಷ್ಟು ಎತ್ಲಿ ಮಗಳೇ, ನಿನ್ನ ಅಪ್ಪನಿಗೆ ವಯಸ್ಸಾಯ್ತು' ಅಂತ ಗೋಡೆಗೆ ಹಣೆ ಹಚ್ಚಿ ಅಳ್ತಿದ್ದ. ಲಿಂಗ ಹಿಡಿದು ಪೂಜೆಗೆ ಕೂತ್ರೂ, ಮಗಳಿಗೆ ಶಾಂತಿ ಸಿಕ್ಕಿದ್ರೆ ಸಾಕು, ಬೇರೇನೂ ಬೇಡ ಶಿವನೇ ಅಂತ ಅದೊಂದೇ ಬೇಡಿಕೆ.

"ಒಂದಿನ ಅವಳ ಗೆಳತಿ ರಾಜ್ಯಶ್ರೀ ಬಂದಿದ್ದಳು, ಅಲ್ಲಿಯವಳೇ. ಇಟ್ಟಿಗೆ ಮೇಲೆ ನಿಂತ ಬೆಂಚು ನೋಡಿ, 'ಇದೇಂಟಿ ಅಂಕುಲ್, ಪೆಳ್ಳಿ ಮಂಟಪಮಾ?' ಅಂದಳು, ಮದುವೆ ಮಂಟಪನಾ ಅಂತ. ಅಣ್ಣ ಎಲ್ಲಾ ಹೇಳಿದ. ಕೇಳ್ತಾ ಕೇಳ್ತಾ ಆ ಹುಡುಗಿ ಮುಖ ಬಿಳಿಚಿಕೊಳ್ತು. 'ಅಯ್ಯೋ ಅಂಕುಲ್... ಎತ್ತು ಅಂಟೇ ಹೈಟ್! ಹೈಟ್ ಎಕ್ಕುವ ಅಯಿಂದಿ ಅನಿ ಚೆಪ್ಪಿಂದಿ!' ತೆಲುಗಲ್ಲಿ 'ಎತ್ತು' ಅಂದ್ರೆ ಎತ್ತರ. ಬೆಂಚಿನ ಎತ್ತರ ಜಾಸ್ತಿ ಆಯ್ತು ಅಂತ ಮಾನಸ ಹೇಳಿದ್ದು ಅಷ್ಟೇ.

"ಅಷ್ಟು ವರ್ಷ ಆ ಊರಲ್ಲಿದ್ದ ಅಣ್ಣನಿಗೆ ಆ ಮಾತು ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಬ್ಯಾಂಕಿನಲ್ಲಿ ಕೇಳಿದ್ರೆ ತಕ್ಷಣ ತಿಳೀತಿತ್ತು. ಮಗಳ ಬಾಯಿಂದ ಮಾತ್ರ ಕನ್ನಡವನ್ನೇ ಕೇಳಬೇಕು ಅಂತ ಕಿವಿಗೆ ಕಲಿಸಿದ್ದನಲ್ಲ... ಜ್ವರದಲ್ಲಿ ಅವಳಿಗೆ ಕನ್ನಡದ 'ಎತ್ತರ' ನೆನಪಿಗೆ ಬರ್ಲಿಲ್ಲ. ತಾಯಿ ಹಾಗೆ ಗಿಡ್ಡ ಅವಳು. ಅಣ್ಣನ ಅಳತೆಗೆ ಕಟ್ಟಿದ ಬೆಂಚು ಅವಳ ಮಣಿಕಟ್ಟಿಗೆ ಬರಬೇಕಿತ್ತು, ಎದೆ ಹತ್ತಿರ ಬರ್ತಿತ್ತು. ಅಂಥ ಎತ್ತರದಲ್ಲಿ ಭುಜ ಎತ್ಕೊಂಡು ಗೊರಡು ತಳ್ಳೋಕಾಗುತ್ತಾ?

"ಆ ಸಂಜೆ ಅಣ್ಣ ಇಟ್ಟಿಗೆ ತೆಗೆದ. ಗರಗಸ ಹಿಡಿದು ಕತ್ತಲ ಕಡೆ ಮುಖ ಮಾಡಿ, ಆ ಮನೆಯೊಳಗೆ ಮೊದಲನೇ ಸಲ, ತೆಲುಗಿನಲ್ಲಿ ಕೇಳಿದ. 'ಎಂತ ಎತ್ತು ಕಾವಾಲಿ, ತಲ್ಲೀ?' ಎಷ್ಟು ಎತ್ತರ ಬೇಕು ತಾಯೀ ಅಂತ. ಅಳು ಟಕ್ಕಂತ ನಿಂತಿತು. ಅವನ ತೊಡೆಯ ಮೇಲೆ ತಣ್ಣಗೆ ಒಂದು ಬೆರಳು ಗೆರೆ ಎಳೀತಂತೆ. ಅಲ್ಲೇ ಪಂಚೆ ಮೇಲೆ ಪೆನ್ಸಿಲಿನಿಂದ ಗುರುತು ಹಾಕ್ಕೊಂಡ. ನಾಲ್ಕು ಕಾಲೂ ಆ ಅಳತೆಗೆ ಕೊಯ್ದ. ಮಾರನೇ ಸಂಜೆ ಗೊರಡು ಈ ತುದಿಯಿಂದ ಆ ತುದಿಗೆ ಸರ್‍ರಂತ ಓಡ್ತು... ಅಳು ಇರಲಿಲ್ಲ."

"ಸದ್ಯ, ಶಾಂತಿ ಸಿಕ್ತಲ್ಲ!" ಎಂದ ಸುಮಂತ್. "ಹೊರಟುಹೋದ್ಲು."

"ನಾವೂ ಹಾಗೇ ಅಂದ್ಕೊಂಡ್ವಿ. ಆದ್ರೆ ಯೋಚನೆ ಮಾಡಪ್ಪಾ... ಕೆಲಸ ಮಾಡೋಕೆ ತನಗೆ ಸರಿಯಾದ ಜಾಗ ಸಿಕ್ಕಿದವರು ಅದನ್ನ ಬಿಟ್ಟು ಯಾಕೆ ಹೋಗ್ತಾರೆ?

"ಬೆಂಚು ಆ ಮನೇಲೇ ಬಿಟ್ಟು ಊರು ಬಿಡಿ, ಆಗ ಅವಳಿಗೆ ಬಿಡುಗಡೆ ಅಂತ ಮಠದ ಸ್ವಾಮಿಗಳು ಹೇಳಿದ್ರು. ಮನೆ ಮಾರಿ ಈ ಊರಿಗೆ ಹೊರಟಾಗ ಅಣ್ಣ ಲಾರಿಗೆ ಮೊದಲು ಹತ್ತಿಸಿದ್ದೇ ಬೆಂಚನ್ನ. ನಾನು ತಡೀಲಿಲ್ಲ. ಹೇಗೆ ತಡೀಲಿ? ನಾನು ಸಾಕಿದ ಕೂಸು. ಇಲ್ಲಿಗೆ ಬಂದ ಮೇಲೆ, ಒಂದೊಂದು ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಬೆಂಚಿನ ಮೇಲೆ ಒಂದು ಪುಟ್ಟ ಕುರ್ಚಿ ಇರ್ತಿತ್ತು. ಅಣ್ಣ ಅದನ್ನ ಯಾವುದಾದ್ರೂ ಮಕ್ಕಳ ಆಸ್ಪತ್ರೆಗೆ ಕೊಟ್ಟು ಬರ್ತಿದ್ದ. ಯಾವುದೋ ಒಂದು ಮಗುವಿಗೆ ಸರಿಯಾಗಿ ಹೊಂದ್ತಿತ್ತು.

"ಈ ಸೋಮವಾರದಿಂದ ದೊಡ್ಡದೊಂದು ಶುರುವಾಗಿದೆ. ಬೆನ್ನು ಎತ್ತರ, ಕೂರೋ ಜಾಗ ಅಗಲ. ನಿನ್ನೆ ಅಣ್ಣ ಅದರಲ್ಲಿ ಕೂತು ನೋಡಿದ. ಅವನ ಅಳತೆಗೇ ಮಾಡಿದ ಹಾಗೆ, ತಲೆಗೂ ಭುಜಕ್ಕೂ ಸರಿಯಾಗಿ ಆಸರೆ. 'ಹೈಮಾ, ಎಷ್ಟು ಹಿತವಾಗಿದೆ ನೋಡೇ' ಅಂತ ನಕ್ಕ. ಅವನು ನಕ್ಕು ಎಷ್ಟು ವರ್ಷ ಆಗಿತ್ತೋ..."

ಹೈಮಾವತಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು.

"ನಿಮ್ಮ ಕಡೆ ಹೇಗೋ, ನಮ್ಮಲ್ಲಿ ಸತ್ತವರನ್ನ ಮಲಗಿಸಿ ಒಯ್ಯಲ್ಲ ಮಕ್ಕಳೇ. ಕೂರಿಸಿ ಒಯ್ಯೋದು. ಅಣ್ಣ ಒಳಗೆ ಅವಳ ಹತ್ರಾನೇ ಇದ್ದಾನೆ. ಕುರ್ಚಿಗೆ ತೋಳು ಕೂರಿಸೋದೊಂದು ಬಾಕಿ ಇತ್ತು... ಮಳೆ ಸ್ವಲ್ಪ ಸಣ್ಣಗಾಗಲಿ, ಗೊರಡಿನ ಸದ್ದು ನಿಮಗೂ ಕೇಳುತ್ತೆ."