ಗುದ್ದೋ ದಿಂಬು

ಇಲ್ಲ, ಅಲ್ಲಿ ಕೂರಲ್ಲ ಕಣೋ ಜೀಶಾನ್. ಸ್ಟೂಲ್ ಇದ್ರೆ ಕೊಡು. ನಿನ್ನ ಫೋಮ್ ಹಾಸಿಗೆ ಮೇಲಂತೂ ಕೂರಲ್ಲ! ಗುಬ್ಬೀಲಿ ನಮ್ಮಜ್ಜನ ಕಾಲದಿಂದ ಹತ್ತಿ ಹಿಂಜಿದ ಮನೆ. ಅದನ್ನ ಬಿಟ್ಟು ಬಂದು ಶಿರಾ ಗೇಟಲ್ಲಿ ಸ್ಪಂಜು ಮಾರ್ತಾ ಕೂತವ್ನು ನೀನು... ಬುಡು. ಅಪ್ಪ ಜಗಳಕ್ಕೆ ಬಂದಿಲ್ಲ. ಈ ದಿಂಬು ವಾಪಸ್ ಕೊಡೋಕೆ ಬಂದೆ, ಅಷ್ಟೇ. ಹಿಡ್ಕೊಳೋ!

ಎಲ್ಲಿ ಸಿಕ್ತು ಅಂತಾನಾ? ಬಲಗೈ ಮೇಲೇಳ್ತಿರಲಿಲ್ಲ. ನೀನು ಮನೆ ಬಿಟ್ಟಾಗಿಂದ... ಅಲ್ಲ, ಹೋದ ಬಕ್ರೀದಿಂದ. ಹಿಂಜೋ ಬಿಲ್ಲು ಎತ್ತಿದ್ರೆ ಭುಜ ಹಿಡ್ಕೊಳ್ಳೋದು. ಎಕ್ಸ್‌ರೇಲಿ ಏನೂ ಇಲ್ಲ! ಆಮೇಲೆ ಕಲ್ಯಾಣ ಮಂಟಪಕ್ಕೆ ಒಬ್ರು ಬೋಳುತಲೆ ಡಾಕ್ಟ್ರು ಬಂದು ಶಿಬಿರ ಮಾಡಿದ್ರು. ಮನಸ್ಸಿನ ಸಿಟ್ಟು ಮೈಯಲ್ಲಿ ಗಂಟು ಕಟ್ಕೊಳ್ಳುತ್ತಂತೆ. ನಾನಂದೆ, ಸಾರ್, ಗಂಟು ಬಿಡಿಸೋದೇ ನಮ್ಮ ಕಸುಬು. ನಗಲಿಲ್ಲ ಪುಣ್ಯಾತ್ಮ. ಎಲ್ರಿಗೂ ಒಂದೊಂದು ದಿಂಬು ಕೊಟ್ಟು, ಯಾರ ಮೇಲೆ ಸಿಟ್ಟೋ ಅವರ ಹೆಸರು ಕೂಗಿ ಗುದ್ದಿ ಅಂದ್ರು.

ಯಾಕೋ ನಗ್ತೀಯಾ? ನಿಜ ಕಣೋ! ಪರಮಶಿವಯ್ಯ ಮೇಷ್ಟ್ರು ಹೆಡ್‌ಮಾಸ್ಟರ್ ಹೆಸರು ಕೂಗಿ ಗುದ್ದೀ ಗುದ್ದೀ ಪಂಚೆ ಉದುರಿಹೋಯ್ತು. ರಂಗಲಕ್ಷ್ಮಮ್ಮ ಅತ್ತೇನ ಗುದ್ತಾ ಇದ್ರೆ, ಪಕ್ಕದಲ್ಲೇ ಆ ಅತ್ತೆ ಕೂತು ಸೊಸೇನ ಗುದ್ತಾ ಇತ್ತು! ಮಧ್ಯ ಸುಸ್ತಾಗಿ ಇಬ್ರೂ ಒಂದೇ ಲೋಟದಲ್ಲಿ ನೀರು ಕುಡಿದ್ರು.

ನಾನಾ? ನಾನು... ಎಡಗೈಲಿ ಗುದ್ದಿದೆ. ಹೂಂ, ನಿನ್ನ ಹೆಸರೇ ಕೂಗಿದೆ! ಗುದ್ದಿದಷ್ಟೂ ಮತ್ತೆ ಉಬ್ಬಿ ಏಳ್ತದೆ ಬಡ್ಡೀಮಗಂದು. ಥೇಟ್ ನಿನ್ನ ಹಟ. ಹತ್ತಿ ದಿಂಬಾಗಿದ್ರೆ ಮರ್ಯಾದೆಯಾಗಿ ತಗ್ಗಿರೋದು. ಏನಿದು ಅಂತ ತಿರುಗಿಸಿ ನೋಡಿದ್ರೆ ನಿನ್ನ ಅಂಗಡಿ ಚೀಟಿ! ಮೂಲೇಲಿ ನಾನು ಕಲಿಸಿದ ಹೊಲಿಗೆ... ಆಮೇಲೆ ಗುದ್ದಕ್ಕಾಗಲಿಲ್ಲ. ಅಂದ್ರೆ, ಹೊಲಿಗೆ ಸೊಟ್ಟಗಿತ್ತು, ಅದ್ಕೆ! ಸರಿ ಮಾಡಿಸೋಣ ಅಂತ ಡಾಕ್ಟ್ರನ್ನ ಕೇಳಿ ತಂದೆ. ನಿನ್ನೆ ಶಿಬಿರ ಮುಗೀತು, ಇವತ್ತು ಬಸ್ ಹತ್ತಿದೆ. ತಲೆ ಇಟ್ಟಿಲ್ಲ ಅದರ ಮೇಲೆ. ಈ ಇಸಾಕ್ ಸಾಬ್ ಫೋಮ್ ಮೇಲೆ ಮಲಗೋದಾ? ಥೂ!

ಏನ್ ನೋಡ್ತಿದೀಯ? ಕೊಡಿಲ್ಲಿ. ಕಲೇನಾ? ಡಾಕ್ಟ್ರ ತಲೆ ಎಣ್ಣೆ ಇರ್ಬೇಕು... ಹೂಂ, ಬೋಳುತಲೆ ಅಂದೆ. ಬೋಳುತಲೆಗೆ ಎಣ್ಣೆ ಹಚ್ಚಬಾರ್ದು ಅಂತ ಕಾನೂನಿದ್ಯಾ? ಮೂಸಬೇಡ್ವೋ! ಮೂಸಬೇಡ... ನಿಮ್ಮಮ್ಮ ಕಾಯಿಸೋ ಮೆಂತ್ಯದ ಎಣ್ಣೆ ಅದು, ನಿಂಗೆ ಗೊತ್ತಾಗ್ದೆ ಇರ್ತದಾ.



ಸರಿ ಕಣೋ. ಶಿಬಿರ ಮುಗಿದು ತಿಂಗಳುಗಟ್ಟಲೆ ಆಯ್ತು. ದಿನಾ ಅದರ ಮೇಲೇ ಮಲಗ್ತೀನಿ. ಗುದ್ದಲ್ಲ... ಹೆಸರು ಮಾತ್ರ ಕೂಗ್ತೀನಿ. ನಿಮ್ಮಮ್ಮ ಕೇಳೀ ಕೇಳೀ ಸಾಕಾಗಿ, ಅದನ್ನ ಅವನ ಮುಂದೆ ಹೋಗಿ ಕೂಗು ಅಂತ ಬಸ್ ಹತ್ತಿಸಿದ್ಲು.

ಯಾಕೆ, ದಿಂಬು ನಂಗೇ ವಾಪಸ್ ಕೊಡ್ತಿದೀಯ? ಬೇಡ. ಅದು ಇಲ್ಲೇ ಇರ್ಲಿ. ನೀನು ಬಾರೋ ಮನೆಗೆ.