“ಚೆನ್ನಾಗಿ ಮಲಗ್ತಾಳೆ ಸಾರ್”

ಹೊಳಲ್ಕೆರೆಯ ಒಂದು ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ಡಾಕ್ಟರ ಕೋಣೆಯಿಂದ ಗಂಡ ಹೆಂಡತಿ ಹೊರಬಂದು ಪಕ್ಕದ ಬೆಂಚಿನಲ್ಲಿ ಕೂತರು. ಗಂಡನ ಹೆಗಲ ಮೇಲೆ ಕುರಿ ಕಾಯುವವರ ಕಂಬಳಿ. ಹೆಂಡತಿ ಹೊಟ್ಟೆ ಹಿಡಿದುಕೊಂಡೇ ಶುರುಮಾಡಿದಳು.

“ನಿದ್ದೆ ಬರುತ್ತಾ ಅಂತ ಡಾಕ್ಟ್ರು ಕೇಳಿದ್ದು ನನ್ನ. ‘ಚೆನ್ನಾಗಿ ಮಲಗ್ತಾಳೆ ಸಾರ್’ ಅಂತ ನೀವ್ಯಾಕ್ರಿ ಅಂದ್ರಿ?”

“ಒಂಬತ್ತಕ್ಕೆ ಮಲಗಿ ಐದಕ್ಕೆ ಏಳ್ತೀಯಲ್ಲೇ. ಇನ್ನೇನ್ ಹೇಳ್ಬೇಕಿತ್ತು?”

“ತಬ್ಬಲಿ ಮರಿಗಳು ಅರಚಿದಾಗೆಲ್ಲ ಎದ್ದು ಬಾಟ್ಲಿ ಹಾಲು ಕುಡ್ಸೋಳು ಯಾರು? ಗೊರಕೆ ಹೊಡೆಯೋರಿಗೆ ಅದೆಲ್ಲಿ ಕೇಳ್ತೈತೆ?”

“ಮೆತ್ತಗೆ ಮಾತಾಡೇ ನೇತ್ರಾವತಿ, ಜನ ಅವ್ರೆ.”

“ಇರ್ಲಿ ಬಿಡ್ರಿ. ಸ್ಕ್ಯಾನಿಂಗಲ್ಲಿ ಏನೂ ಇಲ್ಲ, ನಿದ್ದೆ ಕೆಟ್ರೂ ಕರುಳು ಕೆರಳ್ತೈತೆ ಅಂದ್ರಲ್ಲ ಡಾಕ್ಟ್ರು, ಅದೂ ಕೇಳಿಸ್ಲಿಲ್ವಾ? ಬೆಳಗಾದ್ರೆ ನಾಕ್ ನಾಕ್ ಸಲ ಚೊಂಬು ಹಿಡ್ಕಂಡು ಓಡೋಳು ನಾನು.”

“ಅದು ಮೆಣಸಿನಕಾಯಿಗೆ ಆಗೋದು.”

“ಒಂದು ಕುರಿಗೆ ಭೇದಿ ಆದ್ರೆ ಏನ್ ಮೇಯ್ತು, ಎಲ್ಲಿ ಮಲಗ್ತು, ಎಷ್ಟ್ ಸಲ ಎದ್ದು ನಿಂತ್ಕಂತು ಅಂತ ದನದ ಡಾಕ್ಟ್ರಿಗೆ ಒಂದೂ ಬಿಡ್ದಂಗೆ ಒಪ್ಪಿಸ್ತೀರಿ. ಹದಿನೆಂಟು ವರ್ಷ ಪಕ್ಕದಲ್ಲೇ ಮಲಗಿರೋಳದ್ದು ಗೊತ್ತಿಲ್ಲ!”

ಗಂಡ ಮಾತ್ರೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಆತು ಬಿಡು. ಮಾತ್ರೆ ತಗಂಡು ಹೋಗಾಣ ನಡಿ. ರಾಮಗಿರಿ ಬಸ್ ಬರೋ ಹೊತ್ತಾತು.”

ಅವಳು ಚೀಟಿ ಕಿತ್ತುಕೊಂಡು ಎದ್ದು ಡಾಕ್ಟರ ಬಾಗಿಲ ಕಡೆ ನಡೆದಳು. ಅವನೂ ಎದ್ದ. ಅವಳು ತಿರುಗಿ ನಿಂತಳು.

“ನಾನೊಬ್ಳೇ ಹೋಗಿ ಹೇಳಿ ಬರ್ತೀನಿ. ನೀವು ಇಲ್ಲೇ ಕುಂತ್ಕಂಡು ಇನ್ನೊಂದು ನಿದ್ದೆ ತೆಗೀರಿ.”