ಮಾರು ಹಾಕದ ಬಲೆ

ಅಲ್ಲ ಅಕ್ಕಾ, ಹಾಗೆ ನೋಡ್ಬೇಡ! ತಪ್ಪು ಆಫೀಸಿನ ಮಿಷನ್ನಿಂದು. ನಾ ಎಂತ ಮಾಡ್ಲಿ? ಭಾವ ಹೋದ ಅಂತ ನಿನ್ನ ತಂತಿ ಸಿಕ್ಕಿದ್ದೇ ಹೊರಟೆ. ಮುಂಬಯಿಂದ ನಮ್ಮೂರು ಬಾಡಕ್ಕೆ ಎರಡು ದಿನ ಬಸ್ಸಲ್ಲಿ ಕೂತು ಬಂದವ ನಾನು... ಎಂತ? ಮುಂಬಯಲ್ಲೇ ಇದ್ದವ ಮುಂಬಯಿ ಆಸ್ಪತ್ರೇಲಿ ಸತ್ತ ಭಾವನ್ನ ಯಾಕೆ ನೋಡ್ಲಿಲ್ಲ ಅಂತನಾ? ಗೊತ್ತಾದ್ರೆ ತಾನೇ ನೋಡೂದು! ಖಲಾಸಿ ಕೆಲಸದ ಮೇಲೆ ಹಡಗಲ್ಲೇ ಇದ್ದ ಅಂತ್ಲೇ ತಿಳ್ಕಂಡಿದ್ದೆ.

ಆ ಲಕೋಟೆ ಎಂತಕ್ಕೆ ಮಡಿಲಲ್ಲಿ ಇಟ್ಕಂಡಿ? ಜೊತೆಯ ಖಲಾಸಿ ತಂದುಕೊಟ್ಟ ಭಾವನ ಪೆಟ್ಟಿಗೆ ಜೊತೆ ಬಂದದ್ದಾ? ಹೌದು, ಅದೇ. ಜಟ್ಟಿಗೆ ಕಾಯಿಲೆ, ಬನ್ನಿ ಅಂತ ಕಂಪನಿಯವರು ನಿಂಗೆ ಬರೆದದ್ದು. ಹೆಸರು ಉಂಟು, ಜಿಲ್ಲೆ ಉಂಟು, ನಡುವೆ ಊರೇ ಇಲ್ಲ! ಟಪ್ಪಾಲಿನವ ಎಲ್ಲಿ ಅಂತ ಹುಡುಕ್ತ? ಭಟ್ಕಳ ಸುತ್ತಿ, ಹೊನ್ನಾವರ ಸುತ್ತಿ, ತಿರುಗಿ ಮುಂಬಯಿಗೇ ಹೋತು. ಅಷ್ಟರೊಳಗೆ ಭಾವ...

ನೀ ಯಾವಾಗ್ಲೂ ಕೇಳ್ತಿದ್ದಿ, ಸೋಮಾ, ಮುಂಬಯಲ್ಲಿ ನಿಂಗೆ ಎಂತ ಕೆಲಸ ಅಂತ. ಹೆಸರು ಜೋಡ್ಸೂ ಕೆಲಸ ಅಕ್ಕಾ. ಹೋದ ವರ್ಷ, ಅರವತ್ತೇಳರಲ್ಲಿ, ಭಾವ, ನಾನು ಇಬ್ಬರೂ ಇದ್ದ ಹಡಗಿನ ಕಂಪನಿಯವರು ಕಂಪ್ಯೂಟರ್ ಅಂತ ಒಂದು ಮಿಷನ್ನು ತಂದ್ರು. ಈ ಮನೆಗಿಂತ ದೊಡ್ದು. ಖಲಾಸಿಯ ಹೆಸರು ಒಂದು ಕಡೆ, ಅಪ್ಪನ ಹೆಸರು ಒಂದು ಕಡೆ, ಊರು ಇನ್ನೊಂದು ಕಡೆ. ಸೇರ್ಸಿ ಒಂದು ಸಾಲು ಮಾಡ್ಬೇಕು. ನಾವು ಫೋರ್ಟ್ರಾನ್ ಅಂತ ಒಂದು ಭಾಷೇಲಿ ಬರೆದುಕೊಡ್ತೇವೆ. ಮಿಷನ್ನು ಅದನ್ನ ಮೊದಲು ಪೂರಾ ತನ್ನ ಭಾಷೆಗೆ ತಿರುಗಿಸ್ಕಂತದೆ, ಆಮೇಲೆ ಓಡ್ತದೆ. ಓಡೂಕೆ ಶುರು ಮಾಡಿದ್ಮೇಲೆ ಸರಿಯಾ ತಪ್ಪಾ ಅಂತ ಯಾರನ್ನೂ ಕೇಳೂದಿಲ್ಲ.

ನಂಗಿಂತ ಮೊದಲಿನವರು ಹೇಗೆ ಸೇರ್ಸ್ತಿದ್ರು ಗೊತ್ತಾ? ಹೆಸರು ಬರೀತಿದ್ರು. ಅಪ್ಪನ ಹೆಸರು ಸೇರ್ಸ್ಬೇಕಾ? ಹೊಸ ಜಾಗಕ್ಕೆ ಹೋಗಿ ಮೊದಲಿಂದ ಎರಡೂ ಬರೀತಿದ್ರು. ಊರು ಸೇರ್ಸ್ಬೇಕಾ? ಮತ್ತೆ ಹೊಸ ಜಾಗ, ಮತ್ತೆ ಮೊದಲಿಂದ ಮೂರೂ! ಎಂತಕ್ಕೆ ನಗ್ತಿ? ನಿಂಗೂ ನಗು ಬಂತಲ್ಲ! ದೊಡ್ಡ ದೊಡ್ಡ ಡಿಗ್ರಿಯವರು ಅಕ್ಕಾ ಅವರು! ನಾ ಹೇಳ್ದೆ, ಇಡೀ ಊರು ಸೇರಿ ಎಳೆಯೂ ನಮ್ಮೂರ ರಂಪಣಿ ಬಲೆ ನೋಡಿ ಅಂತ. ಮನೆಮನೆಯವರೂ ತಮ್ಮ ತಮ್ಮ ತುಂಡು ತರ್ತಾರೆ. ಬಲೆ ಕಟ್ಟೂ ನಾಗಜ್ಜ ಎಲ್ಲ ತುಂಡಿಗೂ ಮೊದಲು ಕೈ ಚಾಚಿ ಮಾರು ಹಾಕಿ, ಒಟ್ಟು ಎಷ್ಟು ಉದ್ದ ಆಗ್ತದೆ ನೋಡಿ, ಮರಳಲ್ಲಿ ಅಷ್ಟು ಜಾಗ ಬಿಡ್ಸ್ತ. ಆಮೇಲೆ ತುಂಡಿಗೆ ತುಂಡು, ಒಂದೇ ಸಲ ಕಟ್ಟೂದು. ಕಟ್ಟಿದ ಬಲೆ ಹೊತ್ಕಂಡು ತಿರುಗೂದಿಲ್ಲ. ಹಾಗೇ ಬರೆದೆ. ಅರ್ಧ ದಿನದ ಕೆಲಸ ಒಂದು ತಾಸಲ್ಲಿ ಮುಗೀತು! ಸಾಹೇಬ ಎಲ್ಲರೆದುರಿಗೆ ಬೆನ್ನು ತಟ್ಟಿದ.

ಎಂತ? ಮಾರು ಹಾಕಿದ್ಯಾ ಅಂತನಾ?

...ಅದೂ ಹೊತ್ತು ತಿಂತದೆ ಅಕ್ಕಾ. ಎಲ್ಲರ ಹೆಸರನ್ನೂ ಎರಡೆರಡು ಸಲ ನೋಡ್ಬೇಕು. ಸಾಹೇಬ ಗಡಿಯಾರ ಹಿಡ್ಕಂಡು ನಿಂತಿದ್ದ. ಮಾರು ಬೇಡ, ತಲೆಗೆ ಮೂವತ್ತು ಅಕ್ಷರದ ಜಾಗ ಸಾಕು ಅಂದ. ಹೌದು, ಸಾಹೇಬ ಅಂದ... ಆತು! ನಾನೇ ಅಂದೆ! ಸಾಲದೆ ಹೋದ್ರೆ ಬಾಲದಲ್ಲಿರೂ ಊರಿನ ಮೇಲೆ ಮುಂದಿನವನ ಹೆಸರು ಬಂದು ಕೂತ್ಕಂತದೆ. ನಿನ್ನ ಗಂಡನ ಹೆಸರೇ ಒಂದು ಮೈಲು ಉದ್ದ! ಬಾಡದಲ್ಲಿ ಇಬ್ಬರು ಜಟ್ಟಿ, ಇಬ್ಬರ ಅಪ್ಪನೂ ಶನಿಯಾರ, ಅದಕ್ಕೆ ಭಾವ ಅಜ್ಜನ ಹೆಸರೂ ಅಂಟಿಸ್ಕಂಡಿದ್ದ. ಆ ಪದ್ಧತಿ ಮುಂಬಯಿಯವರಿಗೆ ಹೇಗೆ ಗೊತ್ತಾಗ್ಬೇಕು? ...ನಂಗೆ ಗೊತ್ತಿತ್ತು. ಹೌದು. ನಂಗೆ ಗೊತ್ತಿತ್ತು.

ಮಾತಾಡು ಮಾರಾಯ್ತಿ! ಬಲೆ ಹೆಣೆದು ನನ್ನ ಓದ್ಸಿದವಳು ನೀನು. ಬಯ್ಯೂಕೆ ನಿಂಗೆ ಹಕ್ಕುಂಟು. ಆದ್ರೆ ಕಾಗದ ಸಿಕ್ಕಿದ್ರೂ ನೀ ಎಂತ ಮಾಡ್ತಿದ್ದಿ? ಏಳನೇ ವಾರ್ಡು, ಹದಿನಾಲ್ಕನೇ ಮಂಚ, ಸಂಬಂಧಿಕರು ಕೂಡ್ಲೇ ಬರ್ಬೇಕು. ಎರಡು ಸಾಲು, ಅಷ್ಟೇ. ಅಷ್ಟು ಹಿಡ್ಕಂಡು ಒಬ್ಬಳೇ ಮುಂಬಯಲ್ಲಿ...

ಯಾಕೆ ಹಾಗೆ ನೋಡ್ತಿ? ಲಕೋಟೆ ಎಂತಕ್ಕೆ ತಿರುಗ್ಸಿ ತೋರ್ಸ್ತಿ?

ಅಂಟು... ಅಂಟು ಬಿಚ್ಚೇ ಇಲ್ಲ. ಸೋಮ ಬಂದು ಓದ್ಲಿ ಅಂತ ಕಾದಿದ್ಯಾ? ಬಿಚ್ಚದ ಕಾಗದದ ಒಳಗಿದ್ದದ್ದು ನಂಗೆ ಹೇಗೆ ಗೊತ್ತು ಅಂತನಾ?

ಅಕ್ಕಾ... ಮಿಷನ್ನು ಹೊರಗೆ ಹಾಕಿದ ಕಾಗದ ಎಲ್ಲ ನನ್ನ ಕೈಮೇಲೇ ಹೋಗೂದು. ಭಾವನ ಹೆಸರು ಕಂಡೆ. ಊರು ಇಲ್ಲದ್ದೂ ಕಂಡೆ. ಪೆನ್ನು ಕಿಸೇಲೇ ಇತ್ತು. ಬಾಡ, ಕುಮಟಾ, ಅಷ್ಟು ಬರೆದಿದ್ರೆ ಆಗ್ತಿತ್ತು. ಆದ್ರೆ ಹೊರಗಿನ ದೊಡ್ಡವರು ಮಿಷನ್ನು ನೋಡೂಕೆ ಬಂದಿದ್ರು. ಅವರೆದುರಿಗೆ ಕೈಯಲ್ಲಿ ತಿದ್ದಿದ್ರೆ ಸಾಹೇಬನ ಮರ್ಯಾದೆ... ಅಲ್ಲ. ನಂದು. ನನ್ನ ಮರ್ಯಾದೆ. ಆಯ್ತವಾರ ನಾನೇ ಆಸ್ಪತ್ರೆಗೆ ಹೋಗಿ ನೋಡ್ತೆ, ನಿಂಗೂ ನಾನೇ ಬರೀತೆ ಅಂದ್ಕಂಡೆ. ಆಯ್ತವಾರ ಸಾಹೇಬ ಊಟಕ್ಕೆ ಕರೆದ. ಭಾವ ಸೋಮವಾರ ಬೆಳಿಗ್ಗೆ ಹೋದ.

ಬೈ ಅಕ್ಕಾ. ಒಂದು ಮಾತಾದ್ರೂ ಬೈ... ಎಂತಕ್ಕೆ ಅದನ್ನ ನನ್ನ ಕೈಲಿ ಇಡ್ತಿ? ಓದ್ಬೇಕಾ? ಮೇಲಿಂದಾನಾ?

ಓದ್ತೆ. ಶ್ರೀಮತಿ ಲಕ್ಕಿ, ಗಂಡ, ಜಟ್ಟಿ ಶನಿಯಾರ ಬೀರ ಅಂಬಿಗ...

ಮುಂದೆ ಊರಿಲ್ಲ ಅಕ್ಕಾ.